ಜೋಳಿಗೆಗೆ ಬಿದ್ದ ಬೀಡಿ, ಮರುದಿನದ ಓಟ

ಧೂಮಪಾನವನ್ನು ತೊರೆದವನು ಅದೇ ದಿನಗಳಲ್ಲಿ ಓಟವನ್ನು ರೂಢಿಸಿಕೊಂಡರೆ ಅವನು ಮಾಡಿದ್ದು ತ್ಯಾಗವೋ, ಒಂದು ಚಟದ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸಿದ್ದೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ವೈದ್ಯರಿಗೆ ಸೇರಿದ್ದೆಂದು ಕಂಡರೂ, ಅದು ವ್ರತದ ಸ್ವರೂಪವನ್ನು ಕುರಿತ ಹಳೆಯ ಧಾರ್ಮಿಕ ಪ್ರಶ್ನೆಯೇ ಆಗಿದೆ. ವ್ರತವೆಂಬುದು ಒಮ್ಮೆ ಕೈಗೊಂಡು ಮುಗಿಸುವ ಸಂಕಲ್ಪವೋ, ದಿನದಿನವೂ ಮಾಡುತ್ತಲೇ ಇರಬೇಕಾದ ಕೆಲಸವೋ ಎಂಬುದು ತೀರ್ಮಾನವಾಗದೆ ಇದಕ್ಕೆ ಉತ್ತರ ಸಿಗದು. ಗೋಕಾಕ ತಾಲ್ಲೂಕಿನ ಅಂಕಲಗಿಯಿಂದ ನೋಡಿದರೆ ಈ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ; ಏಕೆಂದರೆ ಅಡವಿಸಿದ್ಧೇಶ್ವರ ಮಠವಿರುವ ಈ ಊರಿನಿಂದ ಹುಕ್ಕೇರಿ ದಾಟಿ ಮುಂದೆ ಹೋದರೆ ನಿಪ್ಪಾಣಿಯ ತಂಬಾಕಿನ ಸೀಮೆ ಬರುತ್ತದೆ, ಹೀಗಾಗಿ ಬಿಡಬೇಕೆನ್ನುವ ವಸ್ತು ಇಲ್ಲಿ ನೆರೆಯವರ ಹೊಲದ ಪೀಕೂ ಆಗಿದೆ.

ಉತ್ತರ ಕರ್ನಾಟಕದ ಮಠಪರಂಪರೆ ಈ ಪ್ರಶ್ನೆಗೆ ಕೊಟ್ಟ ಸ್ವೋಪಜ್ಞವಾದ ಉತ್ತರವೆಂದರೆ ಮಹಾಂತ ಜೋಳಿಗೆ. ಜೋಳಿಗೆಯೆಂದರೆ ಜಂಗಮರು ಹೆಗಲಿಗೆ ಹಾಕಿಕೊಂಡು ಭಿಕ್ಷೆ ಪಡೆಯುವ ಬಟ್ಟೆಯ ಚೀಲ. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಸಂಸ್ಥಾನಮಠದ ಪೀಠಾಧಿಪತಿಗಳಾಗಿದ್ದ ಡಾ. ಮಹಾಂತ ಶಿವಯೋಗಿಗಳು (1930–2018) ಆ ಚೀಲವನ್ನು ಹಿಡಿದು ಊರೂರು, ಕೇರಿಕೇರಿ ತಿರುಗಿ ಕಾಳುಕಡಿಯ ಬದಲು ಜನರ ದುಶ್ಚಟಗಳನ್ನೇ ಬೇಡಿದರು. ಬಳಸಿ ಉಳಿದ ಬೀಡಿಯ ಕಟ್ಟು, ಗುಟ್ಕಾ ಚೀಟಿ, ತಂಬಾಕಿನ ಚಂಚಿ ಅದರೊಳಗೆ ಬಿದ್ದವು. ಈ ಕ್ರಮದ ತಾತ್ತ್ವಿಕ ಸೂಕ್ಷ್ಮವನ್ನು ಗಮನಿಸಬೇಕು. ಬಿಟ್ಟ ವಸ್ತುವಿಗೆ ಸಾಮಾನ್ಯವಾಗಿ ಪಡೆಯುವವರಿರುವುದಿಲ್ಲ, ಆದ್ದರಿಂದ ಅದನ್ನು ಮರಳಿ ಎತ್ತಿಕೊಳ್ಳಲು ನಾಚಿಕೆಯೂ ಇರುವುದಿಲ್ಲ. ಆದರೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು ದಾನಧರ್ಮಕ್ಕೆ ವಿರುದ್ಧ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಮನೆಯವರಿಂದಲೂ ವೈದ್ಯರಿಂದಲೂ ಬುದ್ಧಿಮಾತು ಕೇಳಿ ಕೇಳಿ ತಲೆತಗ್ಗಿಸಿದ್ದ ವ್ಯಸನಿಯೇ ಇಲ್ಲಿ ದಾನಿಯಾಗುತ್ತಾನೆ ಮತ್ತು ಗುರುವೇ ಅವನ ಮುಂದೆ ಯಾಚಕನಾಗಿ ನಿಲ್ಲುತ್ತಾನೆ. ಸರ್ಕಾರ ಈ ಸ್ವಾಮಿಗಳ ಜನ್ಮದಿನವಾದ ಆಗಸ್ಟ್ 1ನ್ನು ವ್ಯಸನಮುಕ್ತ ದಿನವೆಂದು ಆಚರಿಸುತ್ತಿರುವುದು ಸರಿಯೇ, ಆದರೆ ಸರ್ಕಾರಿ ಪ್ರತಿಜ್ಞಾವಿಧಿಯಲ್ಲಿ ಈ ಕೊಡು-ಕೊಳ್ಳುವಿಕೆಯ ಬಿಸುಪು ಉಳಿಯುವುದು ಕಡಿಮೆ.

ಜೋಳಿಗೆ ವಸ್ತುವನ್ನು ಒಯ್ಯುತ್ತದೆ, ರುಚಿಯನ್ನು ಒಯ್ಯಲಾರದು. ಭಗವದ್ಗೀತೆಯ ಎರಡನೆಯ ಅಧ್ಯಾಯ ಈ ಭೇದವನ್ನು ಸ್ಪಷ್ಟವಾಗಿ ಗುರುತಿಸುತ್ತದೆ: ಉಣ್ಣದೆ ಇರುವವನಿಂದ ವಿಷಯಗಳು ದೂರ ಸರಿದರೂ ಅವುಗಳ ‘ರಸ’, ಅಂದರೆ ಒಳಗಿನ ಸವಿಯ ನೆನಪು, ಹಿಂದೆ ಉಳಿಯುತ್ತದೆ. ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕಿಳಿಯುವುದರಿಂದ ದೇಹ ಮತ್ತೆ ಮತ್ತೆ ಬೇಡಲಾರಂಭಿಸುತ್ತದೆ; ಬಿಟ್ಟ ಮೊದಲ ವಾರದಲ್ಲಿ ಈ ತಹತಹ ತೀವ್ರವಾಗಿದ್ದು, ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಚಹಾ ಕುಡಿದ ಮರುಗಳಿಗೆ, ಬಸ್ಸು ಕಾಯುವ ಹೊತ್ತು, ಕಬ್ಬಿನ ಟ್ರ್ಯಾಕ್ಟರಿನೊಡನೆ ಸಕ್ಕರೆ ಕಾರ್ಖಾನೆಯ ಮುಂದೆ ಪಾಳಿಗಾಗಿ ಕಾಯುವ ರಾತ್ರಿ, ಇವೆಲ್ಲ ದೇಹದ ಬೇಡಿಕೆ ತೀರಿದ ಮೇಲೂ ರಸವನ್ನು ಎಬ್ಬಿಸುತ್ತವೆ.

ಪತಂಜಲಿಯ ಯೋಗಸೂತ್ರ ಚಿತ್ತವನ್ನು ಹತೋಟಿಗೆ ತರಲು ವೈರಾಗ್ಯದ ಜೊತೆಗೆ ಅಭ್ಯಾಸವನ್ನೂ ವಿಧಿಸುವುದು ಇದೇ ಕಾರಣಕ್ಕೆ. ವೈರಾಗ್ಯವೆಂದರೆ ವಿಷಯಗಳಲ್ಲಿ ತೃಷ್ಣೆ ಇಲ್ಲದಿರುವುದು. ಅಭ್ಯಾಸವೆಂದರೆ ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆಸುವ ಪ್ರಯತ್ನ. ಭಾಷ್ಯಕಾರ ವ್ಯಾಸರು ಚಿತ್ತವನ್ನು ಎರಡೂ ಕಡೆಗೆ ಹರಿಯಬಲ್ಲ ನದಿಗೆ ಹೋಲಿಸಿ, ವೈರಾಗ್ಯ ಒಂದು ಪ್ರವಾಹವನ್ನು ತಡೆದರೆ ಅಭ್ಯಾಸ ಇನ್ನೊಂದನ್ನು ತೆರೆಯುತ್ತದೆಂದು ವಿವರಿಸುತ್ತಾರೆ. ಧೂಪದಾಳದ ಒಡ್ಡಿನಲ್ಲಿ ಘಟಪ್ರಭೆಯ ನೀರು ಕಾಲುವೆಗೆ ತಿರುಗುವುದನ್ನು ಕಂಡ ಗೋಕಾಕ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಓಟ ಅಭ್ಯಾಸವಾಗಲು ಯೋಗ್ಯವೆನಿಸುವುದು ಅದು ಜ್ಞಾನದ ಬಗೆಯನ್ನೇ ಬದಲಿಸುವುದರಿಂದ. ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಪೊಟ್ಟಣದ ಮೇಲಿನ ಎಚ್ಚರಿಕೆ ಶಬ್ದಪ್ರಮಾಣ, ಅಂದರೆ ಬಲ್ಲವರ ಮಾತಿನಿಂದ ಬಂದ ಅರಿವು. ಏರುದಾರಿಯಲ್ಲಿ ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ಎದೆ ಬಿಗಿದು ಏದುಸಿರು ಬರುವುದು ಪ್ರತ್ಯಕ್ಷಪ್ರಮಾಣ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸೇದುವುದು ನಿಂತ ಒಂದೆರಡು ದಿನಗಳಲ್ಲಿ ಅದು ತೊಲಗಿ, ಉಸಿರಿನ ಲೆಕ್ಕ ದಿನದಿಂದ ದಿನಕ್ಕೆ ಬದಲಾಗುವುದನ್ನು ಓಡುವವನು ಯಾರ ಮಾತನ್ನೂ ನಂಬದೆ ತಾನೇ ಅರಿಯುತ್ತಾನೆ.

ಹಾಗೆಂದು ಓಟಕ್ಕೆ ಇಲ್ಲದ ಮಹಿಮೆಯನ್ನು ಹೊರಿಸುವುದು ತಪ್ಪಾಗುತ್ತದೆ. ಸ್ವಲ್ಪ ಹೊತ್ತಿನ ವ್ಯಾಯಾಮ ಆ ಗಳಿಗೆಯ ತಹತಹವನ್ನು ತಗ್ಗಿಸುತ್ತದೆಂದು ವೈದ್ಯಕೀಯ ಪ್ರಯೋಗಗಳು ತೋರಿಸಿವೆಯಾದರೂ, ವ್ಯಾಯಾಮದಿಂದಲೇ ಹೆಚ್ಚು ಜನ ಕಾಯಂ ಆಗಿ ಬಿಡುತ್ತಾರೆಂಬುದಕ್ಕೆ ದೃಢವಾದ ಆಧಾರ ದೊರೆತಿಲ್ಲ. ಓಟ ಫಲಾಪೇಕ್ಷೆಯಿಂದ ಮುಕ್ತವಾದುದೂ ಅಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಸುಕಿನಲ್ಲೆದ್ದು ಓಡುವ ಹುಡುಗರಲ್ಲಿ ಅನೇಕರ ಕಣ್ಣು ಸೈನ್ಯ ಭರ್ತಿಯ 1.6 ಕಿಲೋಮೀಟರಿನ ಮೇಲಿರುತ್ತದೆ. ಭರ್ತಿಯ ವಯಸ್ಸು ಮೀರಿದೊಡನೆ ಓಟ ನಿಲ್ಲುವುದೂ ಉಂಟು. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ 19ನೆಯವರಾಗಿ ಗುರಿ ಮುಟ್ಟಿದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರನ್ನು ಈ ನಾಡು ಹೆಚ್ಚಾಗಿ ಮರೆತಿರುವುದಕ್ಕೂ, ಓಟವನ್ನು ಉಪಯೋಗದಿಂದಲೇ ಅಳೆಯುವ ಈ ರೂಢಿಗೂ ಸಂಬಂಧವಿರಬಹುದು. ಶರಣರ ಚಿಂತನೆಯಲ್ಲಿ ಬರುವ ಪ್ರಸಾದಕಾಯದ ಕಲ್ಪನೆ, ಅಂದರೆ ದೇಹ ತನ್ನ ಸ್ವತ್ತಾಗಿರದೆ ಪ್ರಸಾದವಾಗಿ ಬಂದುದರಿಂದ ಅದನ್ನು ಕೆಡಿಸುವ ಹಕ್ಕು ತನಗಿಲ್ಲವೆಂಬ ನಿಲುವು, ಇಲ್ಲಿ ಹೆಚ್ಚು ನೆರವಾಗುತ್ತದೆ. ಈ ದೃಷ್ಟಿಯಿಂದ ಓಡುವವನಿಗೆ ಗೆಲ್ಲಬೇಕಾದ ದೂರವಿರುವುದಿಲ್ಲ, ಪಡೆದದ್ದನ್ನು ಜೋಪಾನ ಮಾಡುವ ಹೊಣೆಯಷ್ಟೇ ಇರುತ್ತದೆ. ಹೀಗೆ ನಡೆಸಿದ ಓಟವನ್ನು ಇನ್ನೊಂದು ಚಟವೆಂದು ಕರೆಯಲು ಬರುವುದಿಲ್ಲ.

ಈ ವಿಚಾರವನ್ನು ವ್ಯಕ್ತಿಯೊಬ್ಬನ ಎದೆಗೂ ಉಸಿರಿಗೂ ಮಾತ್ರ ಸೀಮಿತಗೊಳಿಸುವುದು ನ್ಯಾಯವಲ್ಲ. 1981ರಲ್ಲಿ ತಂಬಾಕಿಗೆ ತಕ್ಕ ಬೆಲೆ ಕೇಳಿ ಹೆದ್ದಾರಿಯ ಮೇಲೆ ಕುಳಿತ ನಿಪ್ಪಾಣಿಯ ರೈತರು ಪೊಲೀಸರ ಗುಂಡಿಗೆ ಬಲಿಯಾದರು. ಆ ಬೆಳೆಯನ್ನು ಕಾಯಕವೆನ್ನಬಹುದೇ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ಬೆಳೆಗಾರರು ಮಾತ್ರವಲ್ಲ. ಬೀಡಿ ಸುತ್ತುವ ಹೆಂಗಸರ ಅನ್ನಕ್ಕೆ ಬೇರೆ ದಾರಿ ಹುಡುಕುವ ಕೆಲಸವೂ ವ್ಯಸನಮುಕ್ತಿಯ ಭಾಗವೇ ಆಗಬೇಕು.

ವ್ರತಕ್ಕೆ ಸಂಕಲ್ಪವೂ ಬೇಕು, ಅಭ್ಯಾಸವೂ ಬೇಕು ಎಂದಾದರೆ, ಆಗಸ್ಟ್ 1ರಂದು ಪ್ರತಿಜ್ಞೆ ಸ್ವೀಕರಿಸುವ ಮಠಗಳೂ ಶಾಲೆಗಳೂ ಆಗಸ್ಟ್ 2ರ ನಸುಕಿಗೆ ಒಂದು ಮೈದಾನವನ್ನು, ಜೊತೆಗೆ ಓಡುವ ನಾಲ್ಕು ಜನರನ್ನು, ತಹತಹ ಇಳಿಯುವವರೆಗಿನ ಕೆಲವು ವಾರಗಳ ಮಟ್ಟಿಗಾದರೂ ಒದಗಿಸಬೇಕು.