ಹುಣಸೆಬೀಜದ ಲೆಕ್ಕ

ನಮ್ಮ ಮನೆಯ ಶಾಲೆಗೆ ಗಂಟೆಯಿಲ್ಲ. ಬೆಳಗಿನ ಪ್ರಾರ್ಥನೆ ಮುಗಿದು, ದೋಸೆಯ ತಟ್ಟೆ ಎತ್ತಿದ ಮೇಜಿನ ಮೇಲೆ ಪುಸ್ತಕ ತೆರೆದರೆ ಪಾಠ ಶುರು. ಮಕ್ಕಳಿಬ್ಬರು, ಉಪಾಧ್ಯಾಯರೂ ಇಬ್ಬರೇ, ನಾನು ಮತ್ತು ನನ್ನ ಹೆಂಡತಿ. ಪಾಠವೂ ಪ್ರಾರ್ಥನೆಯೂ ಒಂದೇ ಸೂರಿನಡಿ ನಡೆಯಲೆಂಬ ಆಸೆ ನಮ್ಮದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಶಾಲೆಗಳನ್ನು ತೆರೆದು ನಮ್ಮ ಹಿರಿಯರನ್ನು ಮನೆಯಿಂದ ಬೆಂಚಿಗೆ ಕರೆದೊಯ್ದರು. ನಾವು ಮಕ್ಕಳನ್ನು ಬೆಂಚಿನಿಂದ ಮನೆಗೆ ಕರೆತಂದಿದ್ದೇವೆ. 2009ರ ಕಾಯಿದೆ 6ರಿಂದ 14 ವರ್ಷದ ಮಗುವಿಗೆ ಶಾಲೆಯನ್ನು ಹಕ್ಕಾಗಿ ಕೊಟ್ಟಿದೆ. ಹಕ್ಕು ಅವರದು, ತೀರ್ಮಾನ ನಮ್ಮದು. ಈ ಮುಳ್ಳು ನನ್ನನ್ನು ಆಗಾಗ ಚುಚ್ಚುತ್ತದೆ.

ಮೊನ್ನೆ ಮಗ್ಗಿ ಹೇಳಿಕೊಡುವಾಗ ಬಾಯಿತಪ್ಪಿ 'ಏಳೆಂಟ್ಲೆ ಐವತ್ತನಾಲ್ಕು' ಎಂದೆ. ಎಂಟು ವರ್ಷದ ಮಗಳು ತಲೆಯೆತ್ತದೆ ಬರೆದುಕೊಂಡಳು. ನನಗೆ ಹೆದರಿಕೆಯಾಯಿತು. ದೇವರಿದ್ದಾನೆಂದು ಹೇಳಿದ ಬಾಯಿಯೂ ಇದೇ ಅಲ್ಲವೇ? ಶಾಲೆಗೆ ಹೋಗುವ ಮಗು ಮೇಷ್ಟರ ತಪ್ಪನ್ನು ಮನೆಗೆ ತಂದು ದೂರುತ್ತದೆ; ಮನೆಯ ತಪ್ಪನ್ನು ಶಾಲೆಯಲ್ಲಿ ಅಳೆಯುತ್ತದೆ. ನನ್ನ ಮಗಳು ನನ್ನ ಮೇಲಿನ ದೂರನ್ನು ಯಾರಲ್ಲಿಗೆ ಒಯ್ಯಬೇಕು?

ಹುಣಸೆಬೀಜ ಕೊಟ್ಟು, ಎಂಟೆಂಟರ ಏಳು ಸಾಲು ಇಡಲು ಹೇಳಿದೆ. ಎಣಿಸಿದವಳೇ, 'ಪಪ್ಪಾ, ತಪ್ಪು ಹೇಳಿದ್ದೀರಿ! ಐವತ್ತಾರು!' ಎಂದು ಕುಣಿದಳು.

ದೇವರ ವಿಷಯಕ್ಕೆ ಹುಣಸೆಬೀಜವಿಲ್ಲ. ಆದರೂ ಮುಟ್ಟಿ ನೋಡದೆ ನಂಬೆನೆಂದ ತೋಮನನ್ನು ಯೇಸುಸ್ವಾಮಿ ಹೊರಗೆ ಹಾಕಲಿಲ್ಲ. ತನ್ನ ಗಾಯಗಳನ್ನೇ ತೋರಿದನು. ಪ್ರಶ್ನೆಗೆ ಎಡೆಯಿದ್ದರೆ ಮಾತ್ರ ಮನೆ ಶಾಲೆಯಾದೀತು ಎಂದುಕೊಂಡೆ. ಅಂದು ರಾತ್ರಿ ಪ್ರಾರ್ಥನೆಯ ನಡುವೆ ಮಗಳು ಒಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಅದು ಕಾಣಬೇಕಾದರೆ ನನ್ನ ಕಣ್ಣೂ ತೆರೆದಿತ್ತಷ್ಟೆ, ಗದರಿಸಲಿಲ್ಲ.