ಹತ್ತಿರ ನಿಂತವಳ ಮಾತು

ಸುಳ್ವಾಡಿಯ ಹೆಸರು ಬಂದರೆ ಇವತ್ತಿಗೂ ಮಾತು ಹೋಗುವುದು ವಿಷ ಬೆರೆಸಿದ್ದು ಯಾರು, ಯಾಕೆ ಎಂಬ ಕಡೆಗೇ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಆ ಊರಿನ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ಕಾಮಗೆರೆ, ಕೊಳ್ಳೇಗಾಲ, ಕೊನೆಗೆ ಮೈಸೂರಿನ ಆಸ್ಪತ್ರೆಗಳು ತುಂಬಿಹೋದವು. 17 ಜನ ಸತ್ತರು. ಬದುಕಿ ಬಂದವರ ಹಾಸಿಗೆ ಪಕ್ಕ ರಾತ್ರಿಯೆಲ್ಲ ನಿಂತಿದ್ದವರು ಯಾರು ಎಂದು ವಿಚಾರಿಸಿದವರು ಕಡಿಮೆ.

ಪ್ರಸಾದಕ್ಕೆ ಬಿದ್ದದ್ದು ಬೆಳೆಗೆ ಹೊಡೆಯುವ ಔಷಧಿ. ಆ ಜಾತಿಯ ವಿಷಕ್ಕೆ ಅಟ್ರೋಪಿನ್ ಕೊಡುತ್ತಾರೆ. ಎಷ್ಟು ಕೊಡಬೇಕೆಂಬುದು ಒಮ್ಮೆ ಬರೆದಿಟ್ಟರೆ ಮುಗಿಯುವ ಲೆಕ್ಕವಲ್ಲ. ಎದೆಯ ಗೊರಗೊರ ನಿಂತಿತೇ, ಬೆವರು ಆರಿತೇ, ನಾಡಿ ಏರಿತೇ ಎಂದು ಮತ್ತೆ ಮತ್ತೆ ನೋಡುತ್ತಿರಬೇಕು. ಸಾಲದೆ ಹೋದರೆ ಉಸಿರಾಟವೇ ಕಟ್ಟುತ್ತದೆ. ಹೆಚ್ಚಾದರೆ ಮೈ ಕಾದು, ರೋಗಿ ಬಡಬಡಿಸುತ್ತ ಹೊದಿಕೆ ಕಿತ್ತಾಡುತ್ತಾನೆ. ಡೋಸು ಹೇಳುವವರು ಡಾಕ್ಟರು. ಬಡಬಡಿಕೆ ಶುರುವಾದದ್ದನ್ನು ಮೊದಲು ಕಾಣುವವಳು ಸಿಸ್ಟರು.

ಶುಶ್ರೂಷೆಯಲ್ಲೂ ಮೆಟ್ಟಿಲುಗಳಿವೆ: ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ, ನಾಲ್ಕು ವರ್ಷದ ಬಿಎಸ್ಸಿ. ಸುಮಾರು ಒಂದು ವರ್ಷ ಓದಿ ಪರವಾನಗಿ ಪಡೆಯುವ ಅಮೆರಿಕದ ಪ್ರಾಕ್ಟಿಕಲ್ ನರ್ಸುಗಳೂ ಕೆಳಗಿನ ಮೆಟ್ಟಿಲಿನವರೇ. ಬಿಪಿ ನೋಡುವುದು, ಗಾಯ ಕಟ್ಟುವುದು, ಮಗ್ಗುಲು ಬದಲಿಸುವುದು, ಕಂಡದ್ದನ್ನು ಮೇಲಿನವರಿಗೆ ತಿಳಿಸುವುದು ಅವರ ಕೆಲಸ. ಮೆಟ್ಟಿಲು ಇಳಿದಷ್ಟೂ ರೋಗಿ ಹತ್ತಿರ. ಮಾತಿಗೆ ತೂಕ ಮಾತ್ರ ಕಡಿಮೆ.

ಕರ್ತವ್ಯಗಳ ಪೈಕಿ ನನಗೆ ದೊಡ್ಡದೆನಿಸುವುದು ಆ ತಿಳಿಸುವ ಕೆಲಸವೇ. ರಾತ್ರಿ ಎರಡು ಗಂಟೆಗೆ ಬೈಸಿಕೊಳ್ಳುವ ಭಯವಿದ್ದೂ ಫೋನ್ ಮಾಡಿ, 'ಸರ್, ಈ ಪೇಷೆಂಟ್ ಯಾಕೋ ಸರಿಯಿಲ್ಲ' ಅನ್ನಬೇಕು. ನೋಡದ ಬಿಪಿಯನ್ನು ಚಾರ್ಟಿನಲ್ಲಿ 120/80 ಎಂದು ತುಂಬದೆ ಖಾಲಿ ಬಿಡುವ ನಿಯತ್ತೂ ಇದರದೇ ಭಾಗ. ಇಡೀ ವಾರ್ಡನ್ನು ಒಬ್ಬಳ ತಲೆಗೆ ಕಟ್ಟಿದರೆ ಸುಳ್ಳು ಅಂಕಿ ಚಾರ್ಟಿಗೆ ಬಂದೇ ಬರುತ್ತದೆ. ಆಗ ಆ ಪಾಪದಲ್ಲಿ ಡ್ಯೂಟಿ ಹಾಕಿದವರಿಗೂ ಪಾಲಿದೆ. (ಜಗಳವಾದಾಗ ಸಿಕ್ಕಿಬೀಳುವವಳು ಮಾತ್ರ ಅವಳೊಬ್ಬಳೇ.)

ಹತ್ತಿರದವಳಿಗಷ್ಟೇ ರೋಗಿ ಹೇಳುವ ಮಾತೂ ಇರುತ್ತದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಶುರುಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬುಡಕಟ್ಟಿನ ಹೆಣ್ಣುಮಕ್ಕಳಿಗೇ ಎಎನ್‌ಎಂ ತರಬೇತಿ ಕೊಡಿಸಿತು. ಹೊರಗಿನ ಡಾಕ್ಟರ ಮುಂದೆ 'ಏನಿಲ್ಲ' ಎಂದು ಸುಮ್ಮನಾಗುವ ಸೋಲಿಗ ಬಾಣಂತಿ, ತನ್ನ ಪೋಡಿನ (ಹಾಡಿಯ) ಹುಡುಗಿಗೆ ನೋವು ಎಲ್ಲಿ ಅಂತ ಹೇಳಿಯಾಳು. ಹುಡುಗಿ ಅದನ್ನು ಮೇಲಕ್ಕೆ ಮುಟ್ಟಿಸಿಯಾಳು. ಮೇಲಿನವರು ಕಿವಿಗೊಡಬೇಕಲ್ಲ. ರೌಂಡ್ಸಿಗೆ ಬಂದೊಡನೆ 'ರಾತ್ರಿ ಹೇಗಿದ್ದರು, ಸಿಸ್ಟರ್?' ಎಂದು ಕೇಳುವ ಡಾಕ್ಟರುಗಳಿದ್ದಾರೆ. ಉತ್ತರ ಮುಗಿಯುವತನಕ ನಿಲ್ಲುವವರು ಅಷ್ಟಿಲ್ಲ.