ಓಟ ಮುಗಿದ ಮೇಲೆ

ಬ್ಯಾರಿ ಆಲೆನ್ ಓಡುತ್ತಿದ್ದಾನೆ. ಭೂಮಿಯನ್ನೇ ಇಲ್ಲವಾಗಿಸಲು ಸಜ್ಜಾದ ದೈತ್ಯ ತೋಪಿನ ಸುತ್ತ, ಒಬ್ಬನೇ. ಓಡಿದಷ್ಟೂ ಮೈ ಕರಗುತ್ತದೆ, ಕೆನ್ನೆ ಬತ್ತುತ್ತದೆ, ಎಲುಬು ಕಾಣಿಸುತ್ತದೆ. ತೋಪು ಸಿಡಿಯುತ್ತದೆ. ಉಳಿಯುವುದು ಕೆಂಪು ಉಡುಪು, ಒಂದು ಉಂಗುರ.

ಡಿಸಿ ಕಾಮಿಕ್ಸ್ 1985ರಲ್ಲಿ ಹೊರತಂದ ‘ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ಥ್ಸ್’ ಮಾಲೆಯ ಎಂಟನೇ ಸಂಚಿಕೆಯ ದೃಶ್ಯವಿದು. ಬ್ಯಾರಿ ಎಂದರೆ ಫ್ಲ್ಯಾಶ್; 1956ರಿಂದ ಓದುಗರ ಜೊತೆಗಿದ್ದ ಮಿಂಚಿನ ಓಟಗಾರ. ಮಾರ್ವ್ ವುಲ್ಫ್‌ಮನ್ ಬರೆದು ಜಾರ್ಜ್ ಪೆರೆಜ್ ಚಿತ್ರ ಬಿಡಿಸಿದ ಈ 12 ಸಂಚಿಕೆಗಳಲ್ಲಿ ಡಿಸಿಯ ಹೆಚ್ಚುಕಡಿಮೆ ಎಲ್ಲ ವೀರರೂ ಬಂದುಹೋಗುತ್ತಾರೆ. ಒಂದೇ ಪುಟದಲ್ಲಿ ಹತ್ತಾರು ಜನರನ್ನು ನಿಲ್ಲಿಸಿದರೂ ಪೆರೆಜ್ ಯಾರ ಮುಖವನ್ನೂ ಕೈಬಿಟ್ಟವರಲ್ಲ. ಆ ಜಾತ್ರೆ ಕಣ್ಣಿಗೆ ಹಬ್ಬವೇ. ಆದರೆ ಪುಟ ತಿರುವಿದಂತೆ ಲೋಕಕ್ಕೆ ಲೋಕವೇ ಅಳಿದುಹೋದರೂ ನನ್ನ ಕಣ್ಣು ಒದ್ದೆಯಾಗಲಿಲ್ಲ. ಆ ಒಬ್ಬ ಓಟಗಾರನಿಗಾಗಿ ಆಯಿತು.

ಬೇರೆ ಬೇರೆ ಪತ್ರಿಕೆಗಳ ಸೂಪರ್‌ಹೀರೊಗಳನ್ನು ಒಂದೇ ಕಥೆಗೆ ತಂದು ಸೇರಿಸುವುದಕ್ಕೆ ಕ್ರಾಸ್‌ಓವರ್ ಎನ್ನುತ್ತಾರೆ. ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲಿಗೆ ಸಿಗುವುದು ಒಂದು ಚೌಕ, ಒಂದು ಗುದ್ದು, ಒಂದು ಮಾತು. ಹಾಗೆಂದು ಜಾತ್ರೆಯಲ್ಲಿ ಪಾತ್ರ ಬೆಳೆಯಲಾರದು ಎಂದು ನಾನು ಒಪ್ಪುವುದಿಲ್ಲ. ಮಾರ್ವೆಲ್ 1984ರಲ್ಲಿ ತಂದ ‘ಸೀಕ್ರೆಟ್ ವಾರ್ಸ್’ ಮ್ಯಾಟೆಲ್ ಕಂಪನಿಯ ಆಟಿಕೆಗಳ ಜೊತೆಗೇ ಹುಟ್ಟಿದ ಕಥೆ. ಅಲ್ಲೂ ಬೆನ್ ಗ್ರಿಮ್ ಇದ್ದಾನೆ. ಕಲ್ಲಿನಂಥ ಮೈಯಲ್ಲಿ ಸಿಕ್ಕಿಬಿದ್ದ ಆತ, ಕಥೆ ನಡೆಯುವ ದೂರದ ಗ್ರಹದಲ್ಲಿ ಬೇಕೆಂದಾಗ ಮತ್ತೆ ಮನುಷ್ಯನಾಗಬಲ್ಲ. ಯುದ್ಧ ಮುಗಿದು ಎಲ್ಲರೂ ಮನೆಗೆ ಹೊರಟರೆ ಅವನೊಬ್ಬ ಅಲ್ಲೇ ಉಳಿಯುತ್ತಾನೆ. ಎಷ್ಟು ವರ್ಷದ ನೋವಿದ್ದರೆ ಒಬ್ಬ ಮನುಷ್ಯ ಹಾಗೆ ಉಳಿದಾನು!

ನನ್ನ ತಕರಾರು ಇರುವುದು ಆಮೇಲೆ ನಡೆಯುವುದರ ಬಗ್ಗೆ. 2006ರ ‘ಸಿವಿಲ್ ವಾರ್’ನಲ್ಲಿ ಸ್ಪೈಡರ್‌ಮ್ಯಾನ್ ಪತ್ರಕರ್ತರೆದುರು ಮುಖವಾಡ ಕಳಚಿ, ತಾನು ಪೀಟರ್ ಪಾರ್ಕರ್ ಎಂದು ಹೇಳಿದ. ದಶಕಗಳಿಂದ ಮುಚ್ಚಿಟ್ಟ ಗುಟ್ಟು ಅದು. ಸಾಕಿ ಬೆಳೆಸಿದ ದೊಡ್ಡಮ್ಮನಿಗೆ ಗುಂಡು ತಗುಲಿತು. ಇಲ್ಲಿಂದ ಅವನು ಹೇಗೆ ಬದುಕುತ್ತಾನೆ ಎಂದು ಓದುಗ ಉಸಿರು ಬಿಗಿಹಿಡಿದು ಕಾದ. 2007 ಮುಗಿಯುವಷ್ಟರಲ್ಲಿ ಸೈತಾನನ ಜೊತೆ ಒಂದು ಒಪ್ಪಂದವಾಗಿ ದೊಡ್ಡಮ್ಮ ಉಳಿದಳು, ಪೀಟರ್‌ನ ಮದುವೆ ಅಳಿಸಿಹೋಯಿತು, ಗುಟ್ಟು ಮತ್ತೆ ಗುಟ್ಟಾಯಿತು. ಕಾದ ಓದುಗನಿಗೆ ಬಗೆದ ಅನ್ಯಾಯ ಇದು.

ಬ್ಯಾರಿಯ ಸಾವಿಗೆ ಹಾಗಾಗಲಿಲ್ಲ, ಬಹಳ ಕಾಲ. ಅವನ ಶಿಷ್ಯ ವಾಲಿ ವೆಸ್ಟ್ ಆ ಕೆಂಪು ಉಡುಪು ತೊಟ್ಟ. 1987ರಲ್ಲಿ ಶುರುವಾದ ಅವನ ಪತ್ರಿಕೆಯಲ್ಲಿ ಅವನ ವೇಗ ಗುರುವಿನ ವೇಗದ ಹತ್ತಿರಕ್ಕೂ ಬರುವುದಿಲ್ಲ. ಹಸಿವು ವಿಪರೀತ, ನಡತೆಯಲ್ಲೂ ಎಡವುತ್ತಾನೆ. ವರ್ಷಗಳು ಉರುಳಿದ ಮೇಲೆ, 1993ರಲ್ಲಿ, ಮಾರ್ಕ್ ವೇಡ್ ಬರೆದ ಕಥೆಯಲ್ಲಿ ಒಬ್ಬ ಬಂದು ನಾನೇ ಬ್ಯಾರಿ ಎನ್ನುತ್ತಾನೆ. ಬಂದವನು ಬ್ಯಾರಿಯಲ್ಲ, ಬ್ಯಾರಿಯ ಹಗೆ. ಅವನನ್ನು ಎದುರಿಸುವಾಗ ವಾಲಿಗೆ ಹೊಳೆಯುತ್ತದೆ: ತನ್ನ ಕಾಲನ್ನು ಹಿಡಿದಿದ್ದು ಯಾವ ಕಾಯಿಲೆಯೂ ಅಲ್ಲ. ನಿಜವಾಗಿ ಓಡಿದರೆ ಗುರುವಿನ ಜಾಗ ತುಂಬಿಬಿಡುತ್ತದೆ, ಬ್ಯಾರಿ ಪೂರ್ತಿ ಸತ್ತಂತಾಗುತ್ತದೆ ಎಂಬ ಅಂಜಿಕೆ. ಅಂದು ಅವನು ಓಡುತ್ತಾನೆ. ಎಂಟು ವರ್ಷದ ಹಿಂದಿನ ಆ ಖಾಲಿ ಉಡುಪಿನ ದುಃಖ ಪೂರ್ತಿ ತಟ್ಟುವುದು ಇಲ್ಲಿ, ಆಕಾಶ ಬಿರಿಯದ, ಲೋಕ ಅಳಿಯದ ಈ ಪುಟಗಳಲ್ಲಿ.

2008ರಲ್ಲಿ ಡಿಸಿ ಬ್ಯಾರಿಯನ್ನೂ ಬದುಕಿಸಿ ಕರೆತಂದಿತು. ಅಷ್ಟರಲ್ಲಿ ವಾಲಿ ಎರಡು ದಶಕ ಫ್ಲ್ಯಾಶ್ ಆಗಿ ಬಾಳಿದ್ದ. ನಿಮ್ಮ ಮನೆಯ ಮಕ್ಕಳು ‘ಕ್ರೈಸಿಸ್’ ಓದಿ ಮುಗಿಸಿದ್ದರೆ, ದಯವಿಟ್ಟು ಅವರ ಕೈಗೆ ವಾಲಿಯ ಕಥೆಗಳನ್ನೂ ಕೊಡಿ.